ನಲವತ್ತೆರಡು ಜೇಬು

ಹನ್ನೊಂದು ತಿಂಗಳ ಪಗಾರದ ಬದಲಿಗೆ
ಮಾಲೀಕ ವ್ಯಾನು ಕೊಟ್ಟ.
ಕೌಲ್‌ಬಜಾರಿನ ನಮ್ಮ ಓಣ್ಯಾಗ ತಂದು ನಿಲ್ಲಿಸಿದಾಗ
ಎರ್ರೆಮ್ಮ ಬಾಗಿಲಿಗೆ ಬಂದು
"ಇದಕ್ಕ ಮೇವು ಏನು ಹಾಕ್ತೀರಿ?" ಅಂದಳು.
ನಮ್ಮಾತ ಬಾನೆಟ್ಟು ಒರೆಸಿಕೋತ ಸುಮ್ಮನಿದ್ದ.

ಇಪ್ಪತ್ತು ವರ್ಷ ಇದರಾಗ
ಹೊಲಿದ ಪ್ಯಾಂಟು ಒಗ್ಯಾಕ ಒಯ್ದವ,
ಒಗೆದದ್ದು ತಂದವ.
ಒಳಗ ಇನ್ನೂ ಬ್ಲೀಚಿನ ವಾಸನಿ.
ತಗಡಿನ ಸಂದಿಗೆ ಜೀನ್ಸಿನ ನೀಲಿ ಧೂಳು,
ಅದರ ಮ್ಯಾಲೆ ಅದಿರು ಲಾರಿ ಬಿಟ್ಟುಹೋದ ಕೆಂಪು ಧೂಳು.
ಒದ್ದಿ ಬಟ್ಟೀಲೆ ಒರೆಸಿದ್ರ ಬಟ್ಟಿ ನೇರಳೆ ಆತು.

"ಗುಜರಿಗೆ ಹಾಕೋಣು" ಅಂದೆ.
"ಇದರಾಗ ಮಲಗೋಣು" ಅಂದ.
ಮೂವತ್ತೊಂದು ವರ್ಷದ ಸಂಸಾರದಾಗ
ಈತ ಬಾಯಿ ಬಿಟ್ಟು ಏನಾರ ಕೇಳಿದ್ದು ಅದೇ ಮೊದಲು.
ನಗು ಬಂತು. ಆಮೇಲೆ ಬರಲಿಲ್ಲ.

ಮಾಬುಸಾಬ ನೆತ್ತಿಗೆ ಕಟರ್ ಇಟ್ಟ.
ಕಿಡಿ ನೋಡಿ ಓಣಿ ಹುಡುಗ್ರು ಕೇಕೆ ಹಾಕಿದ್ರು.
ಒಂದೂವರೆ ಅಡಿ ಚೌಕ ತಗಡು ಠಣ್ ಅಂತ ಕೆಳಗ ಬಿತ್ತು,
ಅದರ ಬೆನ್ನಿಗೇ ಅಷ್ಟೇ ಚೌಕದ ಬಿಸಿಲು ಬಿದ್ದು
ಸೀಟಿಲ್ಲದ ನೆಲದ ಮ್ಯಾಲೆ ಕುಂತಿತು.

ಬಳ್ಳಾರಿಯಾಗ ತಗಡಿನ ಮನಿ ಅಂದ್ರ ರೊಟ್ಟಿ ಹಂಚು.
ಅದಕ್ಕಂತ ಪ್ಲೈವುಡ್ಡಿನ ಹಿಂದ ಚಿಂದಿ ತುರುಕಿದ್ವಿ:
ಕಾಲು ಗಿಡ್ಡ ಮಾಡಿದಾಗ ಉಳಿದ ತುಂಡು,
ಬಣ್ಣ ಕೂಡಲಿಲ್ಲಂತ ಬಿಸಾಕಿದ ನಡುಪಟ್ಟಿ,
ಫೆವಿಕಾಲ್ ಹಚ್ಚಿ ಆರು ಪದರ.
ಬಾಗಿಲು ಎಳಕೊಂಡು ಕುಂತ್ರ
ನಮ್ಮ ಓಣಿ ಆಟೋ ಹಾರ್ನು ಯಾವುದೋ ಊರಿಂದು ಅನ್ನಿಸ್ತಿತ್ತು.

ಜೇಬು ಮಾತ್ರ ಬ್ಯಾರೆ ಎತ್ತಿ ಇಟ್ಟಿದ್ದೆ.
ಹಿಂದಿನ ಜೇಬು ಹಚ್ಚೋದೇ ನನ್ನ ಕೆಲಸ,
ದಿನಕ್ಕ ಮುನ್ನೂರು, ಜೋಡಿ ಲೆಕ್ಕಕ್ಕ ದುಡ್ಡು.
ಅವು ಯಾವ ಬಸ್ಸು ಹತ್ತಿದವೋ,
ಯಾವ ಸಮುದ್ರದ ದಂಡೀಲಿ
ಯಾರ ಕುಂಡಿ ಕೆಳಗ ಕುಂತವೋ,
ಒಂದಾದ್ರೂ ತಿರುಗಿ ಬಂದು ಹೇಳಲಿಲ್ಲ.
ಸೊಟ್ಟ ಆಗಿ ಬದಿಗೆ ಬಿದ್ದ ನಲವತ್ತೆರಡು
ಒಂದು ಜಮಖಾನಕ್ಕ ಹೊಲಿದು ಎಡಗೋಡಿಗೆ ಮೊಳಿ ಹೊಡೆದೆ.
ಒಂದರಾಗ ಉಳ್ಳಾಗಡ್ಡಿ, ಒಂದರಾಗ ಕಡ್ಡಿಪೆಟ್ಟಿಗಿ,
ಮ್ಯಾಲಿನದರಾಗ ಈತನ ಬಿಪಿ ಗುಳಿಗಿ.
ಶೇಂಗಾ ಚಟ್ನಿ ಎರಡು ಜೇಬು ತಿಂತು.
ಹದಿನೇಳು ಖಾಲಿ ಉಳಿದವು.
ಇರಲಿ ಅಂದೆ, ಹಾದಿ ಐತಲ್ಲ.

ಹಾಸಿಗಿ ಹಲಗಿ ಅಳ್ಯಾಕ ಈತ ನನ್ನ ಟೇಪು ಒಯ್ದ.
ಅದರ ಮೊದಲ ಎರಡು ಇಂಚು ಸವೆದು ಹರಿದು
ಹತ್ತು ವರ್ಷ ಆಗಿತ್ತು.
ಅಳತಿ ಹಿಡಿದಾಗೆಲ್ಲ ಮನಸಿನಾಗೇ ಎರಡು ಕಳೀತಿದ್ದೆ.
ಯಾರಿಗೂ ಹೇಳಿರಲಿಲ್ಲ,
ಹೇಳೋ ಮಾತಂತ ಅನ್ನಿಸಿರಲಿಲ್ಲ.
"ಆರಡಿ, ಬರೋಬರಿ" ಅಂತ ಹಲಗಿ ಕೊಯ್ಸಿಕೊಂಡು ಬಂದ.

ಮೊದಲನೇ ರಾತ್ರಿ ಹಗರಿ ದಂಡಿಗೆ ಹೋದ್ವಿ.
ಹನ್ನೆರಡು ಮೈಲಿಗೆ ಮೂರು ಸಲ ನಿಂತಿತು, ಮೂರು ಸಲ ತಳ್ಳಿದೆ.
ನೀರಿಲ್ಲದ ಹೊಳಿಯಾಗ ಉಸುಕು ಇನ್ನೂ ಬೆಚ್ಚಗಿತ್ತು.
ಈತ ಕಾಲು ಚಾಚಿದ. ಹಿಂಬಾಗಿಲು ಹಾಕಾಕ ಬರಲಿಲ್ಲ.
ಎರಡು ಇಂಚು ಈತ ಹೊರಗ ಉಳಿದಿದ್ದ.
"ಈ ವಯಸ್ಸಿನಾಗ ಬೆಳದೀನೇನು?" ಅಂದ.
ಆಗ ಟೇಪಿನ ಕತಿ ಹೇಳಿದೆ.
ವ್ಯಾನು ಅಳ್ಳಾಡುವಂಗ ನಕ್ಕ,
ಚಟ್ನಿ ಜೇಬಿನಿಂದ ಪುಡಿ ಉದುರಿತು.
ಬಾಗಿಲು ತೆರೆದೇ ಇಟ್ವಿ.
ನೆತ್ತಿ ಚೌಕದಾಗ ಚುಕ್ಕಿ ಎಣಿಸಾಕ ಹತ್ತಿದ,
ಹನ್ನೊಂದಕ್ಕ ನಿದ್ದಿ ಬಂತು ಅವನಿಗೆ.

ನಸುಕಿನಾಗ ಕಲ್ಲಂಗಡಿ ಹೊಲ ಕಾಯೋನು ಬಂದ.
ಹೊರಗ ಇಣುಕಿದ ಹತ್ತು ಬೆರಳು ನೋಡಿ ಹೌಹಾರಿ,
ಆಮೇಲೆ ಒಳಗಿನ ಜೇಬಿನ ಸಾಲು ನೋಡಿ ಕೇಳಿದ:
"ಏನು ಮಾರಾಕ ಬಂದೀರವ್ವ?"
"ಏನಿಲ್ಲಪ್ಪ. ಮಲಗಾಕ ಬಂದೀವಿ."
"ಮಲಗಾಕ? ಬಳ್ಳಾರಿಂದ?"

ನಂಬಲಿಲ್ಲ ಅಂವ. ಆದ್ರೂ ಹೋಗೂ ಮುಂದ
ಈತನ ಕಾಲ ಹತ್ರ ಒಂದು ಹಣ್ಣು ಇಟ್ಟು ಹೋದ.
ಯಾವ ಜೇಬಿಗೂ ಹಿಡಿಸಲಿಲ್ಲ ಅದು.