ಟೋಪಿ ಕಪ್ಪೆ, ಮೂರನೇ ಭಾಗ

ಅದರ ನಿಜವಾದ ಹೆಸರು ಡಬ್ಬಿಯ ಮೇಲೆ
ಯಾರಿಗೂ ಓದಲು ಬಾರದ ಲಿಪಿಯಲ್ಲಿತ್ತು.
ತೀನ್ ಕಂದೀಲಿನ ಹುಡುಗರು ನಾವಿಟ್ಟದ್ದು: ಟೋಪಿ ಕಪ್ಪೆ.
ಮೆಹರುನ್ ಆಪಾಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಅರ್ಧ ಗಂಟೆಗೆ ಎರಡು ರೂಪಾಯಿ.
ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಕೂತರೆ
ಮೇ ತಿಂಗಳ ರಾಯಚೂರು ಹೊರಗೇ ಬೇಯುತ್ತಿತ್ತು.

ಕಪ್ಪೆಗೆ ಮೂರು ಜೀವ.
ಬೆಂಚಿನ ಮೇಲೆ ಒತ್ತಿ ಕೂತ ನಾವು ಆರು ಮಂದಿ.
ಒಟ್ಟು ಒಂಬತ್ತು.

ಮೂರನೇ ಭಾಗದ ಕೊನೆಗೊಂದು ನೀಲಿ ಬಾಗಿಲು.
ಕಪ್ಪೆ ಅದರ ಹೊಸ್ತಿಲಿಗೆ ಜಿಗಿಯುವ ಹೊತ್ತಿಗೆ ಸರಿಯಾಗಿ
ಕರೆಂಟು ಹೋಗುತ್ತಿತ್ತು.
ಪಕ್ಕದ ಶಕ್ತಿನಗರದಲ್ಲಿ ಕೂತು
ನಾಡಿಗೆಲ್ಲ ದೀಪ ಕಳಿಸುವವರನ್ನು
ಬೈದು ಬೈದು ಮನೆಗೆ ಹೋದೆವು,
ಎರಡು ಬೇಸಿಗೆ.

ಈಗ ಯಾವುದೋ ಕಂಪನಿ ಕಪ್ಪೆಯನ್ನು ಮತ್ತೆ ಎಬ್ಬಿಸುತ್ತಿದೆ,
ಹೊಸ ಮಕ್ಕಳಿಗಾಗಿ.
ಮೂರನೆಯದು ನನ್ನ, ತಾಯಪ್ಪನ ಪಾಲಿಗೆ ಬಂದಿದೆ.
ಅವನು ಪಾಚಿಗೆ ಹದಿನಾಲ್ಕು ಹಸಿರು ಹಚ್ಚಿದ್ದಾನೆ,
ಮೊದಲು ಇದ್ದವು ಎರಡೇ.
ನಾನು ಹಗಲೆಲ್ಲ ಜಿಗಿತ ತೂಗುತ್ತೇನೆ:
ಹಗುರಾದರೆ ಅದು ನಮ್ಮ ಕಪ್ಪೆಯಲ್ಲ,
ಭಾರವಾದರೆ ಈ ಮಕ್ಕಳು ಮುಟ್ಟುವುದಿಲ್ಲ.
ಈಗದು ಸಾಯುವುದೂ ಇಲ್ಲ, ಬಿದ್ದಲ್ಲೇ ಏಳುತ್ತದೆ.
ಎಲ್ಲ ಆಯಿತು. ನೀಲಿ ಬಾಗಿಲಿನ ಆಚೆ ಏನಿತ್ತೆಂಬುದು ಮಾತ್ರ
ಕೆಲಸ ಕೊಟ್ಟವರಿಗೂ ಗೊತ್ತಿಲ್ಲ.

ಆಪಾಳನ್ನು ಕೇಳಲು ಹೋದೆ.
ಸೂಜಿಗೆ ದಾರ ಪೋಣಿಸಲು ಈಗ ಮೊಮ್ಮಗಳು ಬೇಕು.
"ಕರೆಂಟಲ್ಲ ಬೇಟಾ, ನಾನೇ ಆರಿಸ್ತಿದ್ದೆ.
ರಾತ್ರಿ ಷಟರ್ ಎಳೆದು ನಾನೂ ಆಡೀನಿ.
ಬಾಗಿಲ ಹಿಂದ ಏನೂ ಇಲ್ಲ. ಕರಿ ಪರದೆ.
ಅಲ್ಲೇ ನಿಂತುಬಿಡ್ತಿತ್ತು.
ಕಳ್ಳ ಮಾಲು, ನೂರು ರೂಪಾಯಿದು.
ಅಪ್ಪನ ಕಿಸೆಯಿಂದ ಎರಡು ರೂಪಾಯಿ ತಂದ ಹುಡುಗ್ರಿಗೆ
ಅದನ್ನ ಹೆಂಗ ತೋರಿಸಲಿ?"

ತಾಯಪ್ಪ ಆಚೆಗೊಂದು ಕೊಳ ಬರೆದ, ಅಳಿಸಿದ.
ಕಪ್ಪೆಯ ಅವ್ವನನ್ನು ಬರೆದ.
ಅವಳಿಗೂ ಟೋಪಿ ಹಾಕಿದ್ದಕ್ಕೆ ನಾನು ನಕ್ಕೆ, ಅಳಿಸಿದ.

ನಿನ್ನೆ, ಇನ್ನೂ ಖಾಲಿಯಿರುವಾಗಲೇ,
ಮೊಮ್ಮಗಳು ಜೋಹರಾ ಆಡಲು ಕೂತಳು.
ತಡೆಯುವುದರೊಳಗೆ ಹೊಸ್ತಿಲಿಗೆ ಬಂದಳು.
ನನ್ನ ಕೈ ಗೋಡೆಯ ಮೇಲೆ ಸ್ವಿಚ್ಚು ತಡಕಾಡಿತು;
ಅವಳ ಕೈಯಲ್ಲಿದ್ದದ್ದು ಬ್ಯಾಟರಿಯದು.

ಬಾಗಿಲು ತೆರೆಯಿತು. ಬಿಳಿ.
ಕಪ್ಪೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು.
ಆಮೇಲೆ ಜೋಹರಾ ಅದನ್ನು ಅಲ್ಲೇ ಜಿಗಿಸತೊಡಗಿದಳು,
ಎತ್ತರಕ್ಕೆ, ಇನ್ನೂ ಎತ್ತರಕ್ಕೆ,
ಒಳಗಿನಿಂದ ಆಪಾ ಊಟಕ್ಕೆ ಕರೆದದ್ದು
ಕೇಳಿಸದೆ.