ಬಲಗೈ ನೋಡಿ

ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ಲಿನಲ್ಲಿ ಮೊದಲ ಬೆಳಿಗ್ಗೆ
ಸಾಲಾಗಿ ನಿಂತಿದ್ದೆವು, ಹದಿನೆಂಟು ಹುಡುಗಿಯರು.
ಹೊಸ ನರ್ಸು ನನ್ನ ಎಡ ಮಣಿಕಟ್ಟು ಹಿಡಿದಳು,
ಒತ್ತಿದಳು, ಬೆರಳು ಸರಿಸಿ ಮತ್ತೆ ಒತ್ತಿದಳು,
ನನ್ನ ಮುಖ ನೋಡಿದಳು,
ಆಮೇಲೆ ಕೈಗಡಿಯಾರವನ್ನು ಕಿವಿಗಿಟ್ಟುಕೊಂಡಳು
ತಪ್ಪು ಅದರದ್ದೇ ಎಂಬಂತೆ.

'ಅಲ್ಲಿ ಸಿಗಲ್ಲ ಸಿಸ್ಟರ್. ಬಲಗೈ ನೋಡಿ.'

ಕೇಳಿ ಕೇಳಿ ಬಾಯಿಪಾಠವಾದ ಕತೆ:
ಹುಟ್ಟಿದ ಹನ್ನೊಂದನೇ ದಿನ, ನಾಪೋಕ್ಲಿನಲ್ಲಿ,
ತೂಕಕ್ಕೆಂದು ಬಟ್ಟೆ ಬಿಚ್ಚಿದ ಏಲ್ಯಮ್ಮ ಸಿಸ್ಟರ್
ತೊಡೆಸಂದಿಗೆ ಬೆರಳಿಟ್ಟು ಸುಮ್ಮನಾದರಂತೆ.
ಕೆನ್ನೆ ಬೆಚ್ಚಗೆ, ಪಾದ ತಣ್ಣಗೆ,
ಒಂದೇ ಕೂಸಿನಲ್ಲಿ ಎರಡು ಹವೆ.
ಎದೆಯಿಂದೆದ್ದ ದೊಡ್ಡ ರಕ್ತನಾಳ
ಕಮಾನಾಗಿ ಬಾಗಿ ಇಳಿಯುವಲ್ಲಿ
ಅಕ್ಕಿಕಾಳು ತೂರದಷ್ಟು ಕಿರಿದು.

ಮೈಸೂರಿನ ಡಾಕ್ಟರು ಔಷಧಿ ಚೀಟಿಯ ಬೆನ್ನಿಗೆ ಚಿತ್ರ ಬರೆದರು.
ಹೊರಗಿನ ತೇಪೆ ಬೆಳೆಯುವುದಿಲ್ಲ, ಮಗು ಬೆಳೆಯುತ್ತಾಳೆ.
ಅದಕ್ಕೇ ಎಡಗೈಗೆ ಹೋಗುವ ಕವಲನ್ನು ಕಡಿದು
ಉದ್ದಕ್ಕೆ ಸೀಳಿ, ಬಿಡಿಸಿ, ಕೆಳಕ್ಕೆ ಮಡಚಿ
ಆ ಇಕ್ಕಟ್ಟಿನ ಮೇಲೆ ಹೊಲಿಯುವುದು.
ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ.
ಚಂಗಪ್ಪಜ್ಜ ಮಾತ್ರ, 'ಓಟೆ ಸೀಳಿ ಹರವಿದ ಹಾಗೆ' ಅಂದು
ಸ್ವಲ್ಪ ಹೊತ್ತು ಬಿಟ್ಟು ಕೇಳಿದರಂತೆ:
'ಮತ್ತೆ, ಕೈ?'

ಕೈಗೆ ಕಾಲುದಾರಿಗಳಿವೆ, ಅಂದರು ಡಾಕ್ಟರು.
ಕುತ್ತಿಗೆಯ ಬಳಸಿನಲ್ಲಿ ಹೇಗೋ ಬಂದು ಸೇರುತ್ತದೆ.

ಬಂದಿದೆ, ನಿಧಾನಕ್ಕೆ.
ಡಿಸೆಂಬರಿನಲ್ಲಿ ಈ ಕೈಯೊಂದೇ ಮರಗಟ್ಟುತ್ತದೆ.
ಬಲಕ್ಕಿಂತ ಒಂದು ಬೆರಳಗಲ ಗಿಡ್ಡ;
ಸ್ವೆಟರಿನ ಎಡತೋಳನ್ನು ಅವ್ವ ಒಳಮಡಚಿ ಹೊಲಿದು
ಯಾರಿಗೂ ಹೇಳುವುದಿಲ್ಲ.
ಸ್ಟಿಕ್ ತಿರುಗಿಸುವುದು ಎಡಗೈ ಕಣ್ರೇ,
ಬಲಗೈ ಬರೀ ಜೊತೆಗಾರ, ಅನ್ನುತ್ತಾರೆ ಕೋಚ್ ಬಿದ್ದಪ್ಪ.
ನಾನು ಲೇಸು ಕಟ್ಟಿಕೊಳ್ಳುತ್ತಿರುತ್ತೇನೆ.
ಚೆಂಡು ಅಂಚಿನ ಗೆರೆ ಹಿಡಿದರೆ ಮಾತ್ರ
ನನ್ನನ್ನು ಹಿಡಿದವರು ಇನ್ನೂ ಇಲ್ಲ.
ಕೈಯ ಪಾಲು ಕಾಲಿಗೆ ಸಂದಿದೆ.

ನರ್ಸು ಫಾರಮ್ಮಿನಲ್ಲಿ ಬರೆದಳು:
ಚೋಂದಮ್ಮ, ಹದಿಮೂರು. ಬಲ, ಎಪ್ಪತ್ತೆರಡು.
ಎಡ ಎಂಬಲ್ಲಿ ಪೆನ್ನು ಎತ್ತಿ, ಒಂದು ಗೆರೆ.

ಮನೆಯಲ್ಲಿ ರಾತ್ರಿ ಅವ್ವ
ಹೊದಿಕೆ ಸರಿಮಾಡುವ ನೆಪದಲ್ಲಿ
ನನ್ನ ಪಾದದ ಮೇಲೆ ಎರಡು ಬೆರಳಿಡುತ್ತಾಳೆ.
ಇಷ್ಟು ವರ್ಷ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ಇಲ್ಲಿ, ಆ ರಾತ್ರಿ,
ಪಕ್ಕದ ಮಂಚದವಳ ಗೊರಕೆ ಶುರುವಾದ ಮೇಲೆ
ಮಂಡಿ ಮಡಚಿ, ಕತ್ತಲಲ್ಲಿ ತಡವಿ, ನಾನೇ ಹುಡುಕಿದೆ.
ಅವ್ವನಿಗೆ ಸಿಗುವಷ್ಟು ಬೇಗ ಸಿಗಲಿಲ್ಲ.
ಸಿಕ್ಕಿತು.
ಮೂವತ್ತರ ತನಕ ಎಣಿಸಿದ ನೆನಪು.