ಕರಡು

ಮದುವೆ ಕಾಗದದ ಕರಡು ಮೂರನೇ ಸಲ
ನನ್ನ ಮೇಜಿಗೆ ಬಂತು.
ಹುಡುಗಿಯ ಸೋದರಮಾವ, ವಿರಾಜಪೇಟೆಯ ಬೋನಿಫಾಸ್,
'ದೇವಾಲಯ' ಹೊಡೆದುಹಾಕಿ 'ಇಗರ್ಜಿ' ಎಂದು ಬರೆದಿದ್ದ.
ಹುಡುಗನ ದೊಡ್ಡಪ್ಪ, ಆನಂದಪುರದ ಎಲೀಶ ಮೇಷ್ಟ್ರು,
ಅದರ ಮೇಲೆ ಕೆಂಪು ಗೀಟೆಳೆದು
ಪಕ್ಕದಲ್ಲಿ, ಚಿಕ್ಕದಾಗಿ: 'ಸಭೆ'.

ಸಭೆ ಎಂದರೆ ನನಗೆ ಗೊತ್ತಿರುವುದು ಪಂಚಾಯ್ತಿಯದು,
ಕೋರಂ ಇಲ್ಲದೆ ಮುಂದೆ ಹೋಗುವಂಥದ್ದು.
ಹಾಗೆಂದೆ. ಇಬ್ಬರೂ ನಗಲಿಲ್ಲ.

"ಬೀಗದ ಕೈ ಕೊಟ್ಟದ್ದು ಪೇತ್ರನಿಗೆ.
ಕೈಯಿಂದ ಕೈಗೆ ಇವತ್ತಿನವರೆಗೂ ಬಂದಿದೆ."
"ಕೈ ಬದಲಾದಷ್ಟೂ ಸವೆದಿದೆ, ಬೋನಿಫಾಸ್.
ಬಾಗಿಲು ತೆರೆಯುವುದು ವಾಕ್ಯ."
"ಆ ವಾಕ್ಯ ಕಾಪಾಡಿದವರು ಯಾರು ಮೇಷ್ಟ್ರೇ?"
"ನೀವೇ. ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ."

ಹೊರಗೆ ಅಮ್ಮತ್ತಿಯ ಕಡೇ ಬಸ್ಸು
ಎರಡು ಸಲ ಹಾರನ್ ಹೊಡೆದು ಹೊರಟೇಹೋಯಿತು.

ಕಾಫಿ ಕ್ಯೂರಿಂಗಿನಿಂದ ನೇರ ಬಂದಿದ್ದಳು ಫೆಲ್ಸಿ,
ತಲೆಯ ತುಂಬ ಬೀಜದ ಹೊಟ್ಟು.
ಕರಡು ಎತ್ತಿ ದೀಪಕ್ಕೆ ಹಿಡಿದು ಓದಿದಳು.
ಓದುತ್ತ ಓದುತ್ತ ನಗು.
"ಸುಹಾಸನನ್ನು 'ಸುವಾಸ' ಮಾಡಿದ್ದೀರಿ.
ಮೂರು ಸಲ ತಿದ್ದಿದಿರಲ್ಲ, ಯಾರೂ ನೋಡಲಿಲ್ವಾ?"

ನಾನೂ ನೋಡಿರಲಿಲ್ಲ.

ಬೋನಿಫಾಸ್ ಸ್ಕೂಟರ್ ತಂದ.
ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಹಿಂದೆ ಕೂತರು,
ಹಿಡಿದುಕೊಳ್ಳಲು ಅವನ ಭುಜವೇ.
ಗಡಿಯಾರ ಕಂಬ ದಾಟುವವರೆಗೂ ಕೇಳುತ್ತಿತ್ತು:
ಬಂಡೆಯೆಂದರೆ ಪೇತ್ರನೇ,
ಅಲ್ಲಯ್ಯಾ, ಅವನ ನಂಬಿಕೆ,
ಹಳ್ಳ ಇದೆ ನೋಡಿ ಹೋಗು ಮಾರಾಯ.

ಚಿಮಟದಲ್ಲಿ 'ವಾ' ಕಿತ್ತು 'ಹಾ' ಕೂರಿಸಿದೆ.
'ಸ್ಥಳ' ಎಂಬುದರ ಮುಂದೆ
ಇನ್ನೂ ಬರಿಯ ಸೀಸ.